ಹೊಳಬಸಪ್ಪನವರ ಫೈಲು, ನನ್ನ ಟ್ಯಾಬು

ಅಕ್ಕಿಆಲೂರಿನ ಗೋಡೆಚಿತ್ರಗಾರ ಹೊಳಬಸಪ್ಪನವರ ಬಗ್ಗೆ ಒಳ್ಳೆಯದು ಬರೆಯಲು ನನಗೆ ಕೈಯೇ ಬರುವುದಿಲ್ಲ. ಮೂವತ್ತು ವರ್ಷಗಳಿಂದ ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಹೊಸ ಮನೆ ಕಟ್ಟಿಸಿದವರೆಲ್ಲ ಅವರನ್ನೇ ಕರೆಯುತ್ತಾರೆ. ನಾನು ಪೂಜಾ, ಧಾರವಾಡದಲ್ಲಿ ಚಿತ್ರಕಲೆ ಕಲಿತು ಬಂದವಳು. ನನ್ನ ಟ್ಯಾಬಿನಲ್ಲಿ ನಾನೂರು ಚಿತ್ರಗಳಿವೆ. ಬೆರಳಿಂದ ಹಿಗ್ಗಿಸಿದರೆ ನವಿಲುಗರಿಯ ಒಂದೊಂದು ಎಳೆಯೂ ಕಾಣುತ್ತದೆ. ಅವರದು ದಾರ ಕಟ್ಟಿದ ರಟ್ಟಿನ ಫೈಲು, ಅಂಚು ಮೆತ್ತಗಾದ ಹಾಳೆಗಳು. ನನ್ನ ಟ್ಯಾಬ್ ಮುಟ್ಟಲು ಹೆಂಗಸರು ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ, ಆಮೇಲೂ ಹಿಂದೆ ಸರಿಯುತ್ತಾರೆ. ಅವರ ಫೈಲನ್ನು ಮಾತ್ರ ತೊಡೆಯ ಮೇಲಿಟ್ಟುಕೊಂಡು, ಹಾಳೆ ತಿರುವುತ್ತ ಊರ ಸುದ್ದಿಯೆಲ್ಲ ಮಾತಾಡುತ್ತಾರೆ. ನನ್ನ ಹೊಟ್ಟೆ ಉರಿಯದೆ ಇರುತ್ತದೆಯೇ?

ತಿಳವಳ್ಳಿಯ ಅಡಿವೆವ್ವನವರು ಬಸ್ ರಸ್ತೆಗೇ ಮುಖಮಾಡಿ ಮನೆ ಕಟ್ಟಿಸಿದರು. ಆ ಗೋಡೆ ಸಿಕ್ಕರೆ ನನ್ನ ಕೆಲಸ ನಾಲ್ಕೂರಿನವರ ಕಣ್ಣಿಗೆ ಬೀಳುತ್ತಿತ್ತು; ಸಿಗದಿದ್ದರೆ ಚಿತ್ರ ಬಿಟ್ಟು ಅಪ್ಪನ ಕಿರಾಣಿ ಅಂಗಡಿಯಲ್ಲಿ ಕೂಡಬೇಕೆಂದು ಮನೆಯಲ್ಲಿ ಮಾತಾಗಿತ್ತು. ಅಡಿವೆವ್ವನವರಿಗೆ ಜೋಡೆತ್ತು ಬೇಕಿತ್ತು. ಎತ್ತು ನಾನೂ ಬರೆಯುತ್ತೇನೆ, ಹೊಳಬಸಪ್ಪನವರ ಎತ್ತಿನ ಗತ್ತು ಮಾತ್ರ ಬರುವುದಿಲ್ಲ. ಮಾತಾಡಿಸುವ ನೆಪದಲ್ಲಿ ಅವರ ಮನೆಗೆ ಹೋದೆ. ಅವರು ಚಹಾ ತರಲು ಒಳಗೆ ಹೋದಾಗ ಫೈಲಿನ ಜೋಡೆತ್ತಿನ ಫೋಟೋ ತೆಗೆದುಕೊಂಡೆ.

ಅಡಿವೆವ್ವನವರು ಇಬ್ಬರನ್ನೂ ಒಂದೇ ದಿನ ಕರೆದರು. ಮೊದಲು ನಾನು ಟ್ಯಾಬ್ ತೋರಿಸಿದೆ. ಜೋಡೆತ್ತು ಬಂದಾಗ ಅಡಿವೆವ್ವನವರು ತಡೆದರು.

“ಈ ಕುಂಕುಮ ನಾ ಹಚ್ಚಿದ್ದವಾ. ತವರುಮನಿ ಗ್ವಾಡಿಗೆ ಇವರ ಫೈಲಿನಾಗ ಚಿತ್ರ ಆರಿಸಿದಾಗ ಹಚ್ಚಿದ್ದೆ. ಕೈ ಜಾರಿ ಕೋಡಿನ ತನಕಾ ಹೋಗೇತಿ ನೋಡು.”

ಇಲ್ಲಿನ ಹೆಂಗಸರು ಒಪ್ಪಿದ ಚಿತ್ರಕ್ಕೆ ಕುಂಕುಮದ ಬೊಟ್ಟಿಡುತ್ತಾರೆ. ಟ್ಯಾಬ್ ಹಿಡಿದು ತಿರುಗುವ ನನಗೆ ಅಂಥ ಬೊಟ್ಟು ಯಾರೂ ಇಟ್ಟಿರಲಿಲ್ಲ. ಎತ್ತಿನ ಹಣೆಯ ಮೇಲಿದ್ದ ಅದನ್ನು ಚಿತ್ರದ ಬಣ್ಣವೆಂದೇ ತಿಳಿದಿದ್ದೆ.

ಹೊಳಬಸಪ್ಪನವರು ಒಮ್ಮೆ ಟ್ಯಾಬ್ ನೋಡಿದರು, ಒಮ್ಮೆ ನನ್ನನ್ನು.

“ಆ ಚಿತ್ರ ಆಕಿಗೆ ನಾನ ಕೊಟ್ಟೇನ್ರಿ,” ಎಂದರು ಅಡಿವೆವ್ವನವರಿಗೆ. “ನನ್ನ ಕೈ ಈಗ ನಡಗತೈತಿ. ಇಬ್ರೂ ಕೂಡಿ ಬರೀತೇವಿ. ಕಣ್ಣು ಈ ಹುಡುಗಿ ಬರೀಲಿ.”

ಗೋಡೆ ಸಿಕ್ಕಿತು. ಕೆಲಸ ಶುರುವಾದ ದಿನ ಪಕ್ಕದಲ್ಲೇ ನಿಂತು ನೋಡಿದೆ. ಬೆನ್ನಿನ ಗೆರೆಯನ್ನು ಅವರು ಈ ತುದಿಯಿಂದ ಆ ತುದಿಗೆ ಒಂದೇ ಸಲಕ್ಕೆ ಎಳೆದರು. ಕೈ ಕೂದಲೆಳೆಯಷ್ಟೂ ನಡುಗಲಿಲ್ಲ. ಅಷ್ಟು ಹೊಟ್ಟೆಕಿಚ್ಚು ನನಗೆ ಹಿಂದೆಂದೂ ಆಗಿರಲಿಲ್ಲ.