ಕಾರ್ಬನ್ ಪ್ರತಿಯ ಮೇಲಿನ ಸೀಲು

ಅರ್ಜಿ ಅಜ್ಜನ ಬಲಗೈ ಹೆಬ್ಬೆರಳು ಸದಾ ನೀಲಿ. ಕಾರ್ಬನ್ ಹಾಳೆಯ ಬಣ್ಣ ಉಗುರಿನ ಸಂದಿಗೆ ಇಳಿದು ಕೂತಿತ್ತು, ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ತುಂಗಭದ್ರೆಯ ದಂಡೆಯ ಊರೊಂದರಲ್ಲಿ, ನಮ್ಮ ತಾಲ್ಲೂಕು ಕಚೇರಿಯ ಗೇಟಿನ ಪಕ್ಕ ಕುರ್ಚಿ ಹಾಕಿಕೊಂಡು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದರು. ಎದುರಿಗೇ ಜೆರಾಕ್ಸ್ ಅಂಗಡಿ ಇತ್ತು. ಅಲ್ಲಿಗೆ ಕಳಿಸ್ರಿ ಅಂದರೆ, "ಜೆರಾಕ್ಸು ಆಮ್ಯಾಲೆ ಹುಟ್ಟಿದ್ದು ತಾಯಿ, ಕಾರ್ಬನ್ನು ಜೊತೀಗೇ ಹುಟ್ಟಿದ್ದು. ಅದಕ್ಕೆ ಸುಳ್ಳು ಹೇಳಾಕೆ ಬರಲ್ಲ" ಅನ್ನುತ್ತಿದ್ದರು.

ನಾನು ಅಲ್ಲಿ ಟಪಾಲು ಗುಮಾಸ್ತೆ. ನ್ಯಾಮತಿಯಿಂದ ಬಸ್ಸಿನಲ್ಲಿ ಬಂದು, ಕಿಟಕಿಯಲ್ಲಿ ಅರ್ಜಿ ತೆಗೆದುಕೊಳ್ಳುವುದು ನನ್ನ ಕೆಲಸ. ಅಜ್ಜನ ಕಾಟ ಅಷ್ಟಿಷ್ಟಲ್ಲ. ಬರೆಸಿಕೊಂಡವರ ಜೊತೆ ತಾವೂ ಬಂದು, ಕಾರ್ಬನ್ ಪ್ರತಿಯ ಮೇಲೆ ಸೀಲು, ನನ್ನ ಸಹಿ, ತಾರೀಖು ಬೀಳುವವರೆಗೆ ಕದಲುತ್ತಿರಲಿಲ್ಲ.

"ಊಟಕ್ಕಾದ್ರೂ ಬಿಡ್ರಿ ಅಜ್ಜಾ!" ಎಂದು ಸಿಡುಕುತ್ತಿದ್ದೆ.

"ನಿನ್ನ ಬುತ್ತಿ ಕೇಳಿದ್ನಾ ನಾನು? ಸೀಲು ಒತ್ತಿ ಉಣ್ಣು ತಾಯಿ. ಸೀಲು ಬೀಳದ ಅರ್ಜಿ ಬಾವಿಗೆ ಬಿದ್ದ ಕೊಡ."

ಒಂದು ಬೇಸಿಗೆಯಲ್ಲಿ ನಮ್ಮ ಕಚೇರಿ ಹೊಳೆ ಪಕ್ಕದ ತಗ್ಗಿನಲ್ಲಿ ಬಡವರಿಗೆ ಮನೆ ಕಟ್ಟಿಸಲು ಹೊರಟಿತು. ಅಜ್ಜ ಆ ಕುಟುಂಬಗಳ ಪರವಾಗಿ ಬರೆದರು: "ಈಗಿನ ಮಳೆ ಮೊದಲಿನ ಮಳೆಯಲ್ಲ. ತಿಂಗಳಿಡೀ ಬೀಳುವುದು ಎರಡೇ ದಿನಕ್ಕೆ ಬೀಳುತ್ತಿದೆ. ದಯಮಾಡಿ ಎತ್ತರದ ಜಾಗ ಕೊಡಿ." ನಾನು ಸೀಲು ಒತ್ತಿ ಒಳಗೆ ಕೊಟ್ಟೆ. ಸಾಹೇಬರು ಓದಿ, "ಜಗಳೂರಿನ ಬಯಲುಸೀಮೆಯವನು ನಮಗೆ ಹೊಳೆ ಪಾಠ ಹೇಳ್ತಾನೆ ನೋಡು!" ಎಂದು ನಕ್ಕರು. ನಾನೂ ನಕ್ಕೆ. ಆ ನಗುವಿಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಜನ ಮನೆ ಹೊಕ್ಕ ಮರುವರ್ಷವೇ ಹೊಳೆಯೂ ಹೊಕ್ಕಿತು. ಜೀವ ಉಳಿದವು. ಪಾತ್ರೆ, ಪಡಿತರ, ಮಕ್ಕಳ ಪುಸ್ತಕ ಎಲ್ಲ ಹೋದವು. ಎತ್ತರದಲ್ಲಿ ಬೇರೆ ಮನೆ ಬೇಕೆಂದು ಜನ ಕೋರ್ಟಿಗೆ ಹೋದರು. ನಮ್ಮ ಕಡೆಯ ವಕೀಲರದು ಒಂದೇ ವಾದ: ಹವಾಮಾನ ಬದಲಾಗಿದೆ, ಇಂಥ ಮಳೆ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ, ಯಾರೂ ಎಚ್ಚರಿಸಿರಲಿಲ್ಲ. ಕಡತದಿಂದ ಅಜ್ಜನ ಅರ್ಜಿ ಮಾಯವಾಗಿತ್ತು. ಜನರ ಕೈಯಲ್ಲಿ ಉಳಿದದ್ದು ಆ ಕಾರ್ಬನ್ ಪ್ರತಿ, ಅದರ ಮೇಲೆ ನನ್ನ ಸಹಿ. ನನಗೆ ಸಾಕ್ಷಿಗೆ ಕರೆ ಬಂತು.

"ಸಹಿ ನಂದಲ್ಲ ಅಂದ್ಬಿಡಮ್ಮ, ಮುಗೀತು," ಅಂದರು ಸಾಹೇಬರು.

ಗೇಟಿನ ಹತ್ತಿರ ಬಂದು ಅತ್ತುಬಿಟ್ಟೆ. ಅಜ್ಜ ತಮ್ಮ ಕುರ್ಚಿ ಬಿಟ್ಟುಕೊಟ್ಟರು. "ನಿನ್ನ ಸಿಕ್ಕಿಸಾಕೆ ಸೀಲು ಕೇಳಿದ್ದಲ್ಲ ತಾಯಿ. ನೌಕರಿ ನಿಂದು, ಹೊಟ್ಟೆಪಾಡೈತೆ. ಇಲ್ಲ ಅಂದ್ರೂ ನಾಳೆ ಬೈಯಾಕೆ ಬರಲ್ಲ ನಾನು. ಸೀಲು ಕೇಳಾಕೇ ಬರ್ತೀನಿ."

ಹಾಗೆ ಅನ್ನಬಾರದಿತ್ತು ಆ ಮುದುಕ. ಬೈದಿದ್ದರೆ ಸುಳ್ಳು ಹೇಳುವುದು ನನಗೆ ಸುಲಭವಾಗುತ್ತಿತ್ತು.

ಕೋರ್ಟಿನಲ್ಲಿ ಮೊದಲು ಅಜ್ಜನ ಸರದಿ. "ದೇವರು ಸುರಿಸಿದ ಮಳೆಗೆ ಕಚೇರಿ ಏನು ಮಾಡೋಕಾಗುತ್ತೆ?" ಎಂದರು ವಕೀಲರು. ಅಜ್ಜ ಕೈಮುಗಿದು, "ಮಳೆ ದೇವರದು ಸ್ವಾಮಿ. ಜಾಗ ತೋರಿಸಿದ್ದು ನೀವು," ಅಂದರು. ಆಮೇಲೆ ನಾನು ಕಟಕಟೆ ಹತ್ತಿದೆ. ಸಹಿ ನನ್ನದೇ ಅಂದೆ. ಅರ್ಜಿಯನ್ನು ಸಾಹೇಬರ ಕೈಗೆ ಕೊಟ್ಟದ್ದೂ, ಓದಿ ನಾವು ನಕ್ಕದ್ದೂ ನಿಜ ಅಂದೆ.

ತಿಂಗಳೊಳಗೆ ನನ್ನನ್ನು ಜಗಳೂರಿಗೆ ಎತ್ತಿಹಾಕಿದರು. "ನಮ್ಮೂರಿಗೇ ಹೊಂಟಿ ಬಿಡು, ಬಂದು ಕಾಡ್ತೀನಿ," ಎಂದು ಅಜ್ಜ ನಕ್ಕಿದ್ದರು. ಬರಲಿಲ್ಲ. ತೀರ್ಪು ಬರುವ ಮೊದಲೇ ಹೋಗಿಬಿಟ್ಟರು. ಆ ಕುಟುಂಬಗಳು ಈಗ ದಿಬ್ಬದ ಮೇಲಿವೆ. ಅದನ್ನು ನೋಡಲು ಅಜ್ಜ ಇರಬೇಕಿತ್ತು.

ಇಲ್ಲಿ ಜಗಳೂರಿನಲ್ಲಿ ಜನ ಒಂದೇ ಪ್ರತಿ ತರುತ್ತಾರೆ. "ಇನ್ನೊಂದು ಎಲ್ರೀ? ತರ್ರಿ, ಸೀಲು ಹಾಕಿಸ್ಕೊಂಡು ಹೋಗ್ರಿ," ಎಂದು ನಾನೇ ಗದರುತ್ತೇನೆ. ಮಧ್ಯಾಹ್ನ ಬುತ್ತಿ ಬಿಚ್ಚುವ ಮೊದಲು ಒಮ್ಮೆ ಕಿಟಕಿಯ ಕಡೆ ನೋಡುತ್ತೇನೆ. ಈಗ ಯಾರೂ ತಡೆಯುವುದಿಲ್ಲ. ಆದರೂ ಸೀಲನ್ನು ಪಕ್ಕದಲ್ಲೇ ಇಟ್ಟುಕೊಂಡು ಉಣ್ಣುತ್ತೇನೆ.