ಕಟಕಟೆಯಲ್ಲಿ ಮಾವನ ಮುಂಡು

ಸ್ನೇಹಿತರೇ, ಇವತ್ತು ಸುಳ್ಯ ಕೋರ್ಟಿನಲ್ಲಿ ನಮ್ಮ ಮನೆದಾರಿಯ ಕೇಸಿತ್ತು. ನಮಗಿರುವ ಒಬ್ಬರೇ ಸಾಕ್ಷಿ ಪಂಜದ ಮಾವ. ನಮ್ಮ ವಕೀಲರು ಬೆಳಿಗ್ಗೆ ಅವರಿಗೆ ಅರ್ಧ ಗಂಟೆ ಪಾಠ ಮಾಡಿದ್ದರು. ಮೊಬೈಲ್ ಆಫ್ ಇರಲಿ, ಕೇಳಿದ್ದಕ್ಕಷ್ಟೇ ಉತ್ತರ ಕೊಡಿ, ಎದುರು ವಕೀಲರ ಮೇಲೆ ಸಿಟ್ಟಾಗಬೇಡಿ.

ಕಟಕಟೆ ಹತ್ತಿದ ಮಾವ ನ್ಯಾಯಾಧೀಶರನ್ನು ಕಂಡು, ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿದ್ದ ಮುಂಡನ್ನು ಪಾದದವರೆಗೆ ಇಳಿಸಿದರು. ದೊಡ್ಡವರಿಗೆ ಮರ್ಯಾದೆ ಕೊಡುವುದು ನಮ್ಮಲ್ಲಿ ಹಾಗೆಯೇ. ಎದುರು ಪಾರ್ಟಿಯ ವಕೀಲರು ಪ್ರಶ್ನೆ ಕೇಳಲು ಎದ್ದರು. ಮಾವ ಮುಂಡನ್ನು ಪುನಃ ಎತ್ತಿ ಕಟ್ಟಿದರು.

"ಸ್ವಾಮಿ, ಸಾಕ್ಷಿ ಮುಂಡು ಎತ್ತಿ ಕಟ್ಟಿದ್ದಾರೆ" ಎಂದು ವಕೀಲರು ದೂರಿದರು.

"ನನಗೆ ಇಲ್ಲಿಂದ ಕಟಕಟೆಯ ಹಲಗೆ ಮಾತ್ರ ಕಾಣುತ್ತದೆ. ಪ್ರಶ್ನೆ ಕೇಳಿ" ಎಂದರು ನ್ಯಾಯಾಧೀಶರು.

ಹೊರಗೆ ಬಂದ ಮೇಲೆ ಕೇಳಿದೆ, "ಎಂತ ಮಾವ, ಕೋರ್ಟಿನಲ್ಲಿ ಹಾಗೆ ಮಾಡುದಾ?"

"ಜಡ್ಜರು ಕೇಳಿದಾಗೆಲ್ಲ ಇಳಿಸಿಯೇ ಉತ್ತರ ಕೊಟ್ಟಿದ್ದೇನೆ ಮಾರಾಯ. ವಕೀಲರಿಗೂ ಇಳಿಸ್ಬೇಕು ಅಂತ ಕಾನೂನು ಉಂಟಾ?"

ಅಷ್ಟರಲ್ಲಿ ನಮ್ಮ ವಕೀಲರು ಹೊರಗೆ ಬಂದರು. ಆರೇ ತಿಂಗಳಲ್ಲಿ ಕೇಸು ಮುಗಿಸಿಕೊಡುತ್ತೇನೆಂದು ಒಂಬತ್ತು ವರ್ಷದ ಹಿಂದೆ ಹೇಳಿದವರು ಇವರೇ. ಮಾವ ಕೈ ಮುಗಿದು ನಮಸ್ಕಾರ ಮಾಡಿದರು.

ಮುಂಡು ಇಳಿಯಲಿಲ್ಲ.