ಪಿಯುಸಿ ಫೇಲಾದ ಸ್ಕೂಟರ್

ನನ್ನ ಸ್ಕೂಟರಿಗೆ ಹದಿನೈದು ವರ್ಷ ತುಂಬುತ್ತಿದೆ ಎಂದು ನೆನಪಿಸಿದ್ದು ಮೊಬೈಲಿಗೆ ಬಂದ ಒಂದು ಸಂದೇಶ. ನೋಂದಣಿಯ ಅವಧಿ ಮುಗಿಯುತ್ತ ಬಂದಿದೆ, ಗಾಡಿ ತಂದು ತೋರಿಸಿ ನವೀಕರಿಸಿಕೊಳ್ಳಿ ಎಂದಿತ್ತು. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಮೊದಲು ಸಾಂಬ್ರಾದಲ್ಲಿದ್ದೆ, ಈಗ ನಾಲ್ಕು ವರ್ಷದಿಂದ ಖಾನಾಪುರದಲ್ಲಿ. ಮನೆ ರಾಮತೀರ್ಥ ನಗರದಲ್ಲಿ. ಮಳೆಗಾಲದಲ್ಲಿ ಬಸ್ಸು, ಉಳಿದ ದಿನ ಈ ಸ್ಕೂಟರು. ಅದರ ಮೇಲೆ ನನಗೆ ಹೇಳಿಕೊಳ್ಳುವಂಥ ಪ್ರೀತಿಯೇನೂ ಇರಲಿಲ್ಲ. ಬಟನ್ ಒತ್ತಿದರೆ ಶುರುವಾಗುತ್ತಿತ್ತು, ಅಷ್ಟು ಸಾಕಿತ್ತು.

"ಏಜೆಂಟಗ ಕೊಟ್ಟಬಿಡು," ಎಂದರು ನಮ್ಮ ಮನೆಯವರು. "ಕಾಗದಪತ್ರ ಎಲ್ಲಾ ಅಂವಾನ ಮಾಡ್ತಾನ. ನೀ ಅಲ್ಲಿ ಪಾಳಿ ಹಚ್ಚಿ ಯಾಕ ನಿಂದರ್ತಿ?"

"ಅವರು ಗಾಡ್ಯಾಗ ಏನ ನೋಡ್ತಾರಂತ ನಾ ನೋಡಬೇಕಾಗೇತಿ."

"ನೋಡಾಕ ಏನೈತಿ? ಯಾರೂ ಏನೂ ನೋಡೂದಿಲ್ಲ."

ಅವರು ಹೇಳಿದ್ದರಲ್ಲಿ ಅನುಭವವಿತ್ತು. ಇಷ್ಟು ವರ್ಷ ಹೊಗೆ ತಪಾಸಣೆಯ ಕಾಗದವನ್ನು ತರುತ್ತಿದ್ದವರು ಅವರೇ. ಸ್ಕೂಟರು ಮನೆಯ ಮುಂದೆ ನಿಂತಿರುವಾಗಲೇ ಕಾಗದ ಬಂದ ವರ್ಷವೂ ಇತ್ತು. ಆಗ ನಾನು ಅದನ್ನು ಮಡಚಿ ಡಿಕ್ಕಿಯಲ್ಲಿಟ್ಟು ಸುಮ್ಮನಾಗಿದ್ದೆ. ಈ ಸಲ ಮಾತ್ರ, ಹದಿನೈದು ವರ್ಷದಲ್ಲಿ ನಾನು ಒಮ್ಮೆಯೂ ಕಾಣದ ಏನನ್ನು ಬೇರೆಯವರು ಕಾಣುತ್ತಾರೆ ಎಂಬ ಕುತೂಹಲ ಹತ್ತಿತು.

ಕುತೂಹಲಕ್ಕೆ ಮೊದಲ ಪೆಟ್ಟು ಬಿದ್ದದ್ದು ಕಂಪ್ಯೂಟರಿನ ಮುಂದೆ. ಅರ್ಜಿ ತುಂಬಿದೆ, ಒಟಿಪಿ ಹೋದದ್ದು ನಾನು ಎಂದೋ ಬಿಟ್ಟುಕೊಟ್ಟ ಹಳೆಯ ಮೊಬೈಲ್ ನಂಬರಿಗೆ. ಆ ನಂಬರಿಗೆ ಫೋನು ಹಚ್ಚಿದರೆ ಯಾವುದೋ ಊರಿನ ಹೆಣ್ಣುಮಗಳು ಹಿಂದಿಯಲ್ಲಿ ಬೈದು ಇಟ್ಟಳು. ನಂಬರು ಬದಲಿಸಲು ಬೇರೆ ಅರ್ಜಿ, ಅದಕ್ಕೆ ಬೇರೆ ಕಾಗದ. ಮೂರು ಸಂಜೆ ಹೋದವು. ಕೊನೆಗೆ ಅರ್ಜಿ ಮುಂದಕ್ಕೆ ಸರಿದಾಗ, ಚಾಲ್ತಿಯಲ್ಲಿರುವ ಹೊಗೆ ತಪಾಸಣೆ ಪ್ರಮಾಣಪತ್ರ ಬೇಕೆಂದಿತು. ನನ್ನದು ಮುಗಿದು ತಿಂಗಳಾಗಿತ್ತು.

ಹೊಗೆ ತಪಾಸಣೆಗೆ ನಮ್ಮ ಕಡೆ ಪಿಯುಸಿ ಎನ್ನುತ್ತಾರೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ಬರುವಾಗ ಖಾನಾಪುರ ರಸ್ತೆಯಲ್ಲಿ, ಪೆಟ್ರೋಲ್ ಪಂಪಿನ ಬಾಜು ನಿಂತಿದ್ದ ಹಸಿರು ಪಟ್ಟಿಯ ವ್ಯಾನಿನ ಹತ್ತಿರ ನಿಲ್ಲಿಸಿದೆ. ಒಳಗೆ ಐವತ್ತರ ಆಸುಪಾಸಿನ, ದಪ್ಪ ಕನ್ನಡಕದ ಒಬ್ಬರು ಕೂತಿದ್ದರು. ನನ್ನ ಹಿಂದೆ ಖಾಲಿ ಹಾಲಿನ ಕ್ಯಾನುಗಳನ್ನು ಬೈಕಿಗೆ ಕಟ್ಟಿಕೊಂಡ ಗೌಳಿ.

"ನಂಬರ್ ಪ್ಲೇಟ್ ಕಾಣೂಹಂಗ ಹಚ್ಚರಿ, ಅಕ್ಕಾರ," ಎಂದು ವ್ಯಾನಿನವರು ಒಂದು ಫೋಟೋ ಹೊಡೆದರು. ಪ್ರಿಂಟರು ಗುರ್ ಎನ್ನತೊಡಗಿತು. "ಆತ್ರಿ, ಒಂದ ನಿಮಿಷ."

"ಪೈಪಿಗೆ ಏನೂ ಹಾಕಲಿಲ್ಲಲ್ರಿ?"

ಅವರು ಕನ್ನಡಕದ ಮೇಲಿಂದ ನೋಡಿದರು. "ಹಾಕಬೇಕೇನ್ರಿ?"

"ಟೆಸ್ಟ್ ಅಂದ್ರ ಹಾಕೂದ ಅಲ್ಲೇನ್ರಿ?"

ಹಿಂದಿದ್ದ ಗೌಳಿಗೆ ಸಹಿಸಲಾಗಲಿಲ್ಲ. "ಅಕ್ಕಾರ, ಅವರು ಕೊಡಾಕತ್ತಾರ, ನೀವ ಬ್ಯಾಡಂತೀರಲ್ರಿ! ತಗೊಂಡು ಹೋಗ್ರಿ, ನನಗ ಹೊತ್ತ ಆಗೇತಿ."

ನಾನು ಅವರಿಗೆ ಮುಂದೆ ಹೋಗಲು ಜಾಗ ಬಿಟ್ಟೆ. ಅವರ ಫೋಟೋ, ಅವರ ಕಾಗದ ಆದ ಮೇಲೆ ವ್ಯಾನಿನವರು ನನ್ನ ಅರ್ಧ ಅಚ್ಚಾಗಿದ್ದ ಕಾಗದವನ್ನು ಹರಿದು ಕೆಳಗಿಳಿದರು. ಕಾಲ ಹತ್ತಿರ ಸುತ್ತಿಟ್ಟಿದ್ದ ಉದ್ದನೆಯ ನಳಿಕೆಯ ಧೂಳು ಒರೆಸಿದರು. ಯಂತ್ರ ಕಾದು ಬಿಸಿಯಾಗಬೇಕು ಎಂದರು. ಕಾಯುವವರೆಗೆ ನನಗೆ ಪ್ಲಾಸ್ಟಿಕ್ ಸ್ಟೂಲು ಕೊಟ್ಟು "ಕುಂದರ್ರಿ" ಎಂದರು. ಆಮೇಲೆ ನನ್ನ ಗಾಡಿ ಶುರು ಮಾಡಿಸಿ, ನಳಿಕೆಯನ್ನು ಪೈಪಿನೊಳಗೆ ಮೊಳದಷ್ಟು ತುರುಕಿದರು. ಪರದೆಯ ಮೇಲೆ ಅಂಕೆ ಏರಿತು, ಏರಿತು, ಒಂದು ಕಡೆ ನಿಂತಿತು.

"ಎಷ್ಟಿರಬೇಕ್ರಿ ಇದು?"

"ಇದರ ಅರ್ಧಾ ಇದ್ರೂ ಹೆಚ್ಚ ಆಗ್ತೈತ್ರಿ." ಅವರಿಗೇ ಸಂಕೋಚವಾದಂತಿತ್ತು. "ಚಿಂತಿ ಮಾಡಬ್ಯಾಡ್ರಿ. ನಳಿಕಿ ಸ್ವಲ್ಪ ಹೊರಗ ಹಿಡೀತೇನಿ, ಪಾಸ್ ಆಗ್ತೈತಿ."

ನಾನು ಬೇಡವೆಂದೆ. ಇದನ್ನು ನನ್ನ ಪ್ರಾಮಾಣಿಕತೆಗೆ ಸಾಕ್ಷಿಯಾಗಿ ಹೇಳುತ್ತಿಲ್ಲ. ಇಷ್ಟು ದಿನ ಮನೆಯವರು ತಂದ ಕಾಗದಗಳನ್ನು ಮರುಮಾತಿಲ್ಲದೆ ಇಟ್ಟುಕೊಂಡವಳು ನಾನೇ. ಆದರೆ ಆ ಅಂಕೆಯನ್ನು ಕಣ್ಣಾರೆ ಕಂಡ ಮೇಲೆ, ಅದು ಯಾಕೆ ಹಾಗೆ ಎಂದು ತಿಳಿಯದೆ ಹೋಗುವುದು ಆಗಲಿಲ್ಲ. ಗಾಡಿಯ ಹಿಂದೆ ಕಪ್ಪು ಹೊಗೆಯೇನೂ ಕಾಣುತ್ತಿರಲಿಲ್ಲ.

"ಏನ ಕಾರಣ ಇರಬಹುದ್ರಿ?" ಎಂದು ಕೇಳಿದೆ.

"ಖರೇ ಹೇಳ್ಲೇನ್ರಿ? ನನಗ ಗೊತ್ತಿಲ್ಲ. ಫೇಲ್ ಆದಾವರು ಯಾರೂ ತಿರುಗಿ ನನ್ನ ಕಡೆ ಬಂದಿಲ್ಲ. ಮುಂದಿನ ವ್ಯಾನಿಗೆ ಹೋಗ್ತಾರ, ಕಾಗದಾ ತಗೋತಾರ. ಮೊದ್ಲ ನಾನೂ ಎಲ್ಲಾರಿಗೂ ನಳಿಕಿ ಹಾಕತಿದ್ದೆ. ಒಬ್ಬಾಂವ ನನ್ನ ಯಂತ್ರನ ಕೆಟ್ಟೈತಿ ಅಂತ ಅಂಗಿ ಹಿಡದ. ಆಮ್ಯಾಲ ಬಿಟ್ಟೆ."

ಮನೆಗೆ ಬಂದು ಹೇಳಿದಾಗ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕರು. "ಸಾಲಿ ಟೀಚರ್, ಪಿಯುಸಿ ಫೇಲ್!" ಸೋಮವಾರದ ಹೊತ್ತಿಗೆ ಈ ಮಾತು ಅದು ಹೇಗೋ ಖಾನಾಪುರದ ನಮ್ಮ ಶಿಕ್ಷಕರ ಕೋಣೆಗೂ ತಲುಪಿತ್ತು.

ಖಾನಾಪುರದಲ್ಲಿ ನಮ್ಮ ಶಾಲೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಬ್ಬ ವಯಸ್ಸಾದ ಮೆಕ್ಯಾನಿಕ್ ಇದ್ದಾರೆ. ಮನೆಯಲ್ಲಿ ಮರಾಠಿ, ಗಿರಾಕಿಗಳ ಜತೆ ಕನ್ನಡ. ಗಾಡಿಯ ಜತೆ ಮಾತಾಡುವಾಗ ಮತ್ತೆ ಮರಾಠಿ. ನಾನು ಹೊಗೆಯ ಅಂಕೆ ಹೇಳಿದೆ. ಅವರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಪ್ಲಗ್ ಬಿಚ್ಚಿ, ಅದರ ತುದಿಯನ್ನು ನನ್ನ ಮುಖದ ಹತ್ತಿರ ಹಿಡಿದರು. ಕಾಡಿಗೆ ಬಳಿದ ಹಾಗೆ ಕಪ್ಪಗಿತ್ತು.

"ಟೀಚರ್ ಬಾಯಿ, ಇದು ಚಹಾಪುಡಿ ಬಣ್ಣ ಇರಬೇಕು. ಕರ್ರಗ ಆತಂದ್ರ ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮಿ. ಇದಕ ಉಸುರ ಸಿಗವಲ್ದು."

"ಯಾಕ ಸಿಗವಲ್ದು?"

"ಬಘೂಯಾ," ನೋಡೋಣ ಎಂದು ಅವರು ಗಾಳಿ ಸೋಸುವ ಫಿಲ್ಟರಿನ ಕಪ್ಪು ಡಬ್ಬಿಯ ಸ್ಕ್ರೂಗಳನ್ನು ಬಿಚ್ಚಿದರು. ಮುಚ್ಚಳ ತೆಗೆದವರೇ ಎರಡು ಹೆಜ್ಜೆ ಹಿಂದೆ ಸರಿದು, ಆಮೇಲೆ ಜೋರಾಗಿ ನಗತೊಡಗಿದರು. ನಾನು ಬಗ್ಗಿ ನೋಡಿದೆ. ಗೋಣಿಚೀಲದ ನಾರು, ಹರಿದ ಫಿಲ್ಟರಿನ ಚೂರು, ಅದರ ನಡುವೆ ಒಂದು ಹಿಡಿಯಷ್ಟು ಅಕ್ಕಿ, ತೊಗರಿ ಬೇಳೆ. ಇಲಿಯ ಸಂಸಾರ. ಇಲಿ ಇರಲಿಲ್ಲ, ಮನೆ ಮಾತ್ರ ಇತ್ತು.

ಅಕ್ಕಿ ಎಲ್ಲಿಯದೆಂದು ಕೇಳಬೇಕಾಗಿರಲಿಲ್ಲ. ನಾನು ದಿನಾ ಗಾಡಿ ನಿಲ್ಲಿಸುವುದು ಬಿಸಿಯೂಟದ ಕೋಣೆಯ ಗೋಡೆಗೆ ತಾಗಿಸಿ, ನೆರಳಿದೆ ಎಂದು. ನಾನು ಒಳಗೆ ಉಸಿರಾಟದ ಪಾಠ ಮಾಡುವಾಗ ಹೊರಗೆ ಒಂದು ಇಲಿ ನನ್ನ ಗಾಡಿಯ ಮೂಗಿಗೆ ಅಕ್ಕಿ ತುಂಬುತ್ತಿತ್ತು. ಹೊಸ ಫಿಲ್ಟರು ಕೂರಿಸಲು ಅರ್ಧ ಗಂಟೆ ಹಿಡಿಯಿತು. ಹಳೆಯದನ್ನು, ಅಕ್ಕಿ ಬೇಳೆ ಸಮೇತ, ಪೇಪರಿನಲ್ಲಿ ಕಟ್ಟಿಸಿಕೊಂಡೆ.

ಮರುದಿನ ಒಂಬತ್ತನೆಯ ತರಗತಿಗೆ ಅದನ್ನು ತೋರಿಸಿದೆ. ಉರಿಯುವ ಮೇಣದ ಬತ್ತಿಯ ಮೇಲೆ ಗಾಜಿನ ಲೋಟ ಇಳಿಸಿ, ಗಾಳಿ ಕಡಿಮೆಯಾದಾಗ ಲೋಟ ಹೇಗೆ ಕಪ್ಪಾಗುತ್ತದೆ ಎಂದೂ ತೋರಿಸಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಟೀಚರ್, ಅಷ್ಟು ಹೊಗಿಯೊಳಗ ಇಲಿ ಹೆಂಗ ಬದುಕಿತ್ರಿ?" ಎಂದಳು. ಒಳ್ಳೆಯ ಪ್ರಶ್ನೆ. ಇಲಿ ಇದ್ದದ್ದು ಗಾಡಿ ಗಾಳಿ ಎಳೆದುಕೊಳ್ಳುವ ಕಡೆ. ಹೊಗೆ ಹೋಗುತ್ತಿದ್ದದ್ದು ಇನ್ನೊಂದು ಕಡೆಯಿಂದ, ನನ್ನ ಹಿಂದೆ ಬರುವವರ ಮುಖಕ್ಕೆ.

ಆ ಸಂಜೆಯೇ ವ್ಯಾನಿಗೆ ಹೋದೆ. ವ್ಯಾನಿನವರು ನನ್ನನ್ನು ಗುರುತಿಸಿ ಎದ್ದು ನಿಂತರು. "ಬಂದ್ರೇನ್ರಿ! ನೀವು ಬರೂದಿಲ್ಲಂತ ತಿಳಕೊಂಡಿದ್ದೆ." ನಾನು ಪೇಪರಿನ ಪೊಟ್ಟಣ ಬಿಚ್ಚಿದೆ. ಅವರು ಹರಿದ ಫಿಲ್ಟರನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು, ಒಂದು ಬೇಳೆಯನ್ನು ಎರಡು ಬೆರಳಲ್ಲಿ ಎತ್ತಿದರು. ಈ ಸಲ ನಾನು ಹೇಳುವ ಮೊದಲೇ ನಳಿಕೆ ಕೈಗೆ ತೆಗೆದುಕೊಂಡಿದ್ದರು. ಅಂಕೆ ಸ್ವಲ್ಪ ಏರಿ, ಇಳಿದು, ಮಿತಿಗಿಂತ ಎಷ್ಟೋ ಕೆಳಗೆ ನಿಂತಿತು.

"ಇನ್ನೊಮ್ಮೆ ಹಾಕ್ಲೇನ್ರಿ?" ಎಂದು ಅವರೇ ಕೇಳಿದರು. ಇನ್ನೊಮ್ಮೆ ಹಾಕಿದರು. ಅದೇ ಅಂಕೆ. "ಹಂಗಾರ ನನ್ನ ಯಂತ್ರ ಖರೇನ ಹೇಳತೈತಿ," ಎಂದರು, ಯಾರೋ ಬಹಳ ದಿನದಿಂದ ಅದರ ಮೇಲೆ ಹೊರಿಸಿದ್ದ ಅಪವಾದ ಇಳಿದ ಹಾಗೆ. ಆ ಪೊಟ್ಟಣವನ್ನು ತಮಗೇ ಬಿಟ್ಟು ಹೋಗಿ ಎಂದು ಕೇಳಿ ಇಟ್ಟುಕೊಂಡರು. ಯಾರಾದರೂ ಫೇಲಾದರೆ ತೋರಿಸಲು ಬೇಕಂತೆ.

ಸಾರಿಗೆ ಕಚೇರಿಯ ತಪಾಸಣೆಗೆ ದಿನ ಸಿಕ್ಕಿದ್ದು ಆಮೇಲೆ ಎರಡು ವಾರಕ್ಕೆ. ಶಾಲೆಗೆ ರಜೆ ಹಾಕಿ ಬೆಳಿಗ್ಗೆ ಒಂಬತ್ತೂವರೆಗೆ ಹೋದೆ. ಗೇಟಿನ ಹೊರಗೆ ಒಬ್ಬಾತ ಗಾಡಿಯ ಚಾಸಿ ನಂಬರಿನ ಮೇಲೆ ಅಂಟುಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಡುತ್ತಿದ್ದ. ನನ್ನ ಗಾಡಿಯ ಮೈಮೇಲೆ ಅಂಥದೊಂದು ನಂಬರು ಕೆತ್ತಿದೆ ಎಂದು ನಾನು ನೋಡಿದ್ದು ಅಂದೇ. ತುಕ್ಕಿನಲ್ಲಿ ಒಂದು ಅಂಕೆ ಮೂರೋ ಎಂಟೋ ತಿಳಿಯಲಿಲ್ಲ. ಆತ ಸೀಮೆಎಣ್ಣೆಯ ಬಟ್ಟೆಯಿಂದ ತಿಕ್ಕಿ, ಮತ್ತೆ ಉಜ್ಜಿ, ಎಂಟೆಂದು ತೀರ್ಮಾನಿಸಿದ.

ತಪಾಸಣೆ ಮಾಡಿದ್ದು ನನಗಿಂತ ಹತ್ತು ವರ್ಷ ಚಿಕ್ಕವರಿರಬಹುದಾದ, ಖಾಕಿ ತೊಟ್ಟ ಮಹಿಳಾ ಇನ್‌ಸ್ಪೆಕ್ಟರು. ಬಿಸಿಲಿನಲ್ಲಿ ಎರಡು ತಾಸು ನಿಂತ ಮೇಲೆ ನನ್ನ ಸರದಿ ಬಂತು. ಹಾರ್ನ್, ಇಂಡಿಕೇಟರ್, ಕನ್ನಡಿ ನೋಡಿದರು. ಗಾಡಿಯ ಹಿಂದೆ ಹೋಗಿ ನಿಂತರು.

"ಬ್ರೇಕ್ ಹಿಡೀರಿ. ಎಡಗೈದು."

ಹಿಡಿದೆ.

"ಹಿಡೀರಿ, ಮೇಡಂ."

"ಹಿಡದೇನ್ರಿ."

"ಬಲಗೈದು ಹಿಡೀರಿ. ಹಾಂ, ಇದಕ ಹತ್ತತೈತಿ. ಎಡಗಡಿದಕ್ಕ ಹಿಂದಿನ ಲೈಟ್ ಹತ್ತವಲ್ದು. ರಿಪೇರಿ ಮಾಡಿಸಿಕೊಂಡು ಬರ್ರಿ."

"ಎಷ್ಟ ದಿನದಿಂದ ಹಿಂಗ ಇರಬಹುದ್ರಿ?"

ಅವರು ನನ್ನ ಕಾಗದವನ್ನು ವಾಪಸು ಕೊಡುತ್ತ, "ಅದ ನನಗ ಹೆಂಗ ಗೊತ್ತಾಗಬೇಕ್ರಿ? ಓಡಿಸಾವರಿಗೆ ತಮ್ಮ ಬ್ರೇಕ್ ಲೈಟ್ ಕಾಣೂದಿಲ್ಲ. ಹಿಂದಿನಾವರ ಹೇಳಬೇಕು," ಎಂದರು.

ಸಿಟ್ಟು ಬಂತು. ಒಂದು ಸಣ್ಣ ದೀಪಕ್ಕಾಗಿ ರಜೆ ಹಾಳಾಯಿತಲ್ಲ ಎಂದು ಗೊಣಗುತ್ತ ಗಾಡಿ ತಳ್ಳಿಕೊಂಡು ಹೊರಗಿನ ಗ್ಯಾರೇಜಿಗೆ ಬಂದೆ. ಎಡಗೈ ಲಿವರಿನ ಒಳಗಿದ್ದ ಬೆರಳುಗುರಿನಷ್ಟು ಸ್ವಿಚ್ಚು ಸವೆದು ಹೋಗಿತ್ತು. ಅದನ್ನು ಬದಲಿಸುವುದನ್ನು ನೋಡುತ್ತ ಕೂತಾಗ ನೆನಪಾಯಿತು. ನಾನು ಹಿಡಿಯುವುದೆಲ್ಲ ಎಡಗೈ ಬ್ರೇಕು. ಬಲಗೈದನ್ನು ಹಿಡಿದರೆ ಜಾರುತ್ತದೆ ಎಂದು ಕಲಿಯುವಾಗಲೇ ಹೆದರಿಸಿದ್ದರು, ಆ ಹೆದರಿಕೆ ಹೋಗಿರಲಿಲ್ಲ.

ಅದರ ಬೆನ್ನಿಗೇ ಇನ್ನೊಂದು ನೆನಪಾಯಿತು. ಎರಡು ವರ್ಷದ ಹಿಂದೆ, ಕೋಟೆಯ ಹತ್ತಿರದ ರಸ್ತೆಯಲ್ಲಿ ಎಮ್ಮೆ ಅಡ್ಡ ಬಂದು ನಾನು ನಿಲ್ಲಿಸಿದಾಗ ಹಿಂದಿನಿಂದ ಒಬ್ಬ ಬೈಕಿನವನು ಬಂದು ಗುದ್ದಿದ್ದ. ನನಗೇನೂ ಆಗಲಿಲ್ಲ. ಅವನು ಬಿದ್ದು ಮೊಣಕೈ ತರಚಿತ್ತು. ಜನ ಸೇರಿದ್ದರು. ನಾನು ತರಗತಿಯ ದನಿಯಲ್ಲಿ ಅವನನ್ನು ಬೈದಿದ್ದೆ, ಕಣ್ಣು ಎಲ್ಲಿಟ್ಟಿದ್ದಿ ಎಂದು. ಅವನು ಮೊಣಕೈ ಹಿಡಿದುಕೊಂಡು, "ನೀವು ನಿಂತದ್ದ ಗೊತ್ತ ಆಗಲಿಲ್ರಿ," ಎಂದಷ್ಟೇ ಹೇಳಿದ್ದ. ಸೇರಿದವರೆಲ್ಲ ನನ್ನ ಕಡೆ ಮಾತಾಡಿದ್ದರು. ಅವನು ತಪ್ಪಾಯಿತೆಂದು ಕೈಮುಗಿದು ಹೋಗಿದ್ದ.

ಆಗಲೇ ದೀಪ ಕೆಟ್ಟಿತ್ತೋ, ಆಮೇಲೆ ಕೆಟ್ಟಿತೋ, ತಿಳಿಯುವ ದಾರಿಯಿಲ್ಲ. ಸ್ವಿಚ್ಚು ಹಾಕುತ್ತಿದ್ದವನನ್ನು ಕೇಳಿದೆ. ಇಷ್ಟು ಸವೆಯಬೇಕಾದರೆ ಬಹಳ ದಿನ ಬೇಕು ಎಂದ. ಎಷ್ಟು ಬಹಳ ಎಂದು ಕೇಳಿದ್ದಕ್ಕೆ ಹಳೆಯ ಸ್ವಿಚ್ಚನ್ನು ನನ್ನ ಅಂಗೈಗೆ ಹಾಕಿ ಮುಂದಿನ ಗಾಡಿಯ ಕಡೆ ಹೋದ.

ನಾನು ಮರಳಿ ಹೋಗುವಷ್ಟರಲ್ಲಿ ಊಟದ ಹೊತ್ತು. ಮೂರಕ್ಕೆ ಮತ್ತೆ ಪಾಳಿ ಶುರುವಾಯಿತು. ಇನ್‌ಸ್ಪೆಕ್ಟರು ಗಾಡಿಯ ಹಿಂದೆ ನಿಂತು ಎಡಗೈದು ಎಂದರು, ಹಿಡಿದೆ. "ಹತ್ತಿತು" ಎಂದು ಸಹಿ ಮಾಡಿದರು. ಸಹಿಗೆ ಹಿಡಿದದ್ದು ಅರ್ಧ ನಿಮಿಷ. ಹೊಸ ನೋಂದಣಿ ಕಾರ್ಡು ಅಂಚೆಯಲ್ಲಿ ಬಂತು, ಇನ್ನು ಐದು ವರ್ಷ ಓಡಿಸಬಹುದು.

ಕಾರ್ಡು ಬಂದ ದಿನ ಗಂಡನಿಗೆ ಬೈಕಿನವನ ಸಂಗತಿ ಹೇಳಿದೆ. ಅವರು ನಗಲಿಲ್ಲ. ತಮ್ಮ ಬೈಕಿನ ಕೀಲಿ ತೆಗೆದುಕೊಂಡು ಅಂಗಳಕ್ಕಿಳಿದರು. ಬೈಕಿನ ಮೇಲೆ ಕೂತು ಬ್ರೇಕು ಹಿಡಿದು, "ಹಿಂದ ನಿಂತು ನೋಡು," ಎಂದರು.

ನಾನು ಹಿಂದೆ ಹೋಗಿ ನಿಂತೆ.